ಅರವತ್ತು ಕಂಬ, ಎರಡು ಚೌಕ

ಹಿರೇಕೆರೂರು ಕಡೆಯ ಒಂದು ಗೋವಿನಜೋಳದ ಹೊಲ. ಲೆಕ್ಕಕ್ಕೆ ಹಗುರಾಗಲಿ ಎಂದು ಅದನ್ನು ಸರಿಯಾದ ಚೌಕ ಮಾಡಿಕೊಳ್ಳೋಣ, ಒಂದೊಂದು ಬದಿಯೂ 60 ಮೀಟರ್. ಹೊಲದವರು ಒಂದು ಮೂಲೆಯಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲದ ಕೃಷಿಹೊಂಡ ತೋಡಿಸಿದ್ದಾರೆ. ಬಿತ್ತೋಕೆ ಉಳಿದ ನೆಲ ಎಷ್ಟು?

ಎಂಟನೇ ಕ್ಲಾಸಿನ ಮಕ್ಕಳಿಗೆ ಇದನ್ನು ಕೇಳಿದರೆ ಬಹಳ ಮಂದಿ ತಡಮಾಡುವುದಿಲ್ಲ. 60ರ ವರ್ಗ 3600, ಹೊಂಡ 100, ಕಳೆದರೆ 3500 ಚದರ ಮೀಟರ್. ಉತ್ತರ ಸರಿ. ಆಮೇಲೆ ನಾನು ಇನ್ನೊಂದು ಮಾತು ಕೇಳುತ್ತಿದ್ದೆ: ಮೂಲೆ ಕಿತ್ತುಹೋದ ಈ ಹೊಲದಷ್ಟೇ ನೆಲ ಇರುವ, ಆದರೆ ನಾಲ್ಕೇ ಮೂಲೆಯ ಒಂದು ಆಯತ ಮಾಡಿಕೊಡಿ. ಆಗ ಕ್ಲಾಸು ಸುಮ್ಮನಾಗುತ್ತಿತ್ತು.

ಹಳೆಯ ಪತ್ರಿಕೆಯ ಹಾಳೆಯನ್ನು ಚೌಕವಾಗಿ ಕತ್ತರಿಸಿ, ಒಂದು ಮೂಲೆಯಿಂದ ಸಣ್ಣ ಚೌಕ ತೆಗೆದು, ಉಳಿದ ತುಂಡನ್ನು ಕೈಗೆ ಕೊಡುತ್ತಿದ್ದೆ. ಹೊಂಡದ ಕೆಳಗಿನ ಅಂಚನ್ನೇ ಹಿಡಿದು ಅಡ್ಡ ಒಂದು ಗೆರೆ ಎಳೆದು ಕತ್ತರಿ ಹಾಕಿದರೆ ಎರಡು ತುಂಡು. ಕೆಳಗಿನದು 60 ಅಗಲ, 50 ಎತ್ತರ. ಮೇಲೆ ಹೊಂಡದ ಪಕ್ಕದಲ್ಲಿ ಉಳಿದದ್ದು 50 ಅಗಲ, 10 ಎತ್ತರದ ಪಟ್ಟಿ. ಆ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ದೊಡ್ಡ ತುಂಡಿನ ಬಲಕ್ಕೆ ತಂದಿಟ್ಟರೆ ಎರಡರ ಎತ್ತರವೂ 50, ಒಂದಕ್ಕೊಂದು ಅಂಟಿ ಕೂಡುತ್ತವೆ. ಅಗಲ 60 ಮತ್ತು 10 ಸೇರಿ 70. ಎತ್ತರ 60ರಲ್ಲಿ 10 ಹೋಗಿ 50. ಎಪ್ಪತ್ತನ್ನು ಐವತ್ತರಿಂದ ಗುಣಿಸಿದರೆ ಅದೇ 3500. ಒಂದು ಗೇಣು ನೆಲ ಹೆಚ್ಚೂ ಆಗಲಿಲ್ಲ, ಕಮ್ಮಿಯೂ ಆಗಲಿಲ್ಲ.

ಪುಸ್ತಕದಲ್ಲಿ ‘ಅಪವರ್ತಿಸುವಿಕೆ’ ಎಂಬ ಪಾಠದಡಿ ಬರುವ ನಿತ್ಯಸಮೀಕರಣ ಇದೇ. ದೊಡ್ಡ ಚೌಕದ ಬದಿ ಎ, ಸಣ್ಣದರದು ಬಿ ಆದರೆ

ಎ² − ಬಿ² = (ಎ + ಬಿ)(ಎ − ಬಿ)

ಮಕ್ಕಳು ಇದನ್ನು ‘ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್’ ಎಂದು ಮಗ್ಗಿಯಂತೆ ಒಪ್ಪಿಸುತ್ತಾರೆ. ಒಪ್ಪಿಸಲಿ, ಬಾಯಿಪಾಠಕ್ಕೆ ನನ್ನ ವಿರೋಧವಿಲ್ಲ. ಕತ್ತರಿ ಹಿಡಿದ ಕೈಗೆ ಮಾತ್ರ ಅದು ಬಹಳ ದಿನ ನೆನಪಿರುತ್ತದೆ.

ಒಂದು ಸಲ ಹಾಗೆ ಕತ್ತರಿಸುತ್ತ ಕೂತಿದ್ದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ಹೊಂಡ ಮೂಲ್ಯಾಗ ಇಲ್ಲದ ಹೊಲದ ನಟ್ಟನಡುವ ಇದ್ರ? ಅವಾಗ ಹೆಂಗ ಕತ್ತರಸೂದ್ರಿ?”

ನಾನು ಅದಕ್ಕೆ ತಯಾರಾಗಿ ಹೋಗಿರಲಿಲ್ಲ. ವಿಸ್ತೀರ್ಣವೇನೋ ಅಷ್ಟೇ, ಹೊಂಡ ಎಲ್ಲಿದ್ದರೂ 3500. ಆದರೆ ಆಕೆ ಕೇಳಿದ್ದು ಅದನ್ನಲ್ಲ, ಕತ್ತರಿಸುವ ದಾರಿಯನ್ನು. ಬೋರ್ಡಿನ ಮೇಲೆ ಚೌಕದೊಳಗೆ ಚೌಕ ಬರೆದು ನಿಂತೆವು. ಹೊಂಡದ ಸುತ್ತ ನಾಲ್ಕೂ ಕಡೆ 25 ಮೀಟರ್ ಅಗಲದ ನೆಲ. ಸ್ವಲ್ಪ ಹೊತ್ತಿನ ಮೇಲೆ ದಾರಿ ಹೊಳೆಯಿತು: ಕಾಗದದ ಗಿರಗಿಟ್ಲೆಯ ಎಲೆಗಳ ಹಾಗೆ, ಒಂದು ಪಟ್ಟಿಯ ಬಾಲಕ್ಕೆ ಇನ್ನೊಂದರ ತಲೆ ತಾಗುವಂತೆ ಸುತ್ತ ಕತ್ತರಿಸುವುದು. ನಾಲ್ಕೂ ಪಟ್ಟಿಗಳು ಒಂದೇ ಅಳತೆ, ಉದ್ದ 35, ಅಗಲ 25. ಎರಡೆರಡು ಜೋಡಿಸಿಟ್ಟರೆ ಉದ್ದ 70, ಅಗಲ 50. ಮತ್ತೆ ಅದೇ ಆಯತ! ಆ ಹುಡುಗಿಯ ಪ್ರಶ್ನೆ ಇಲ್ಲದಿದ್ದರೆ ಆ ದಿನ ಆ ಗಿರಗಿಟ್ಲೆ ನನ್ನ ಬೋರ್ಡಿಗೆ ಬರುತ್ತಿರಲಿಲ್ಲ.

ಈ ಪಾಠದಲ್ಲಿ ಮಕ್ಕಳು ಮಾಡುವ ತಪ್ಪೊಂದಿದೆ. ವರ್ಷ ವರ್ಷವೂ ಬರುತ್ತದೆ, ಎಲ್ಲ ಊರಲ್ಲೂ ಬರುತ್ತದೆ. ಎ² − ಬಿ² ಎಂದು ಕೊಟ್ಟರೆ (ಎ − ಬಿ)² ಎಂದು ಬರೆದುಬಿಡುವುದು. ಕಣ್ಣಿಗೆ ಅದು ಸಹಜವಾಗಿಯೇ ಕಾಣುತ್ತದೆ. ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರೆ ಮುಂದಿನ ಪರೀಕ್ಷೆಯಲ್ಲಿ ಮತ್ತೆ ಬರೆಯುತ್ತಾರೆ. ಅದರ ಬದಲು ಸಂಖ್ಯೆ ಹಾಕಿ ನೋಡಬೇಕು. 10ರ ವರ್ಗದಲ್ಲಿ 4ರ ವರ್ಗ ಕಳೆದರೆ 84. 10ರಲ್ಲಿ 4 ಕಳೆದು ವರ್ಗ ಮಾಡಿದರೆ 36. ನಡುವಿನ 48 ಎಲ್ಲಿ ಹೋಯಿತು? ಚಿತ್ರ ಬರೆದರೆ ಸಿಗುತ್ತದೆ. ಹತ್ತರ ಚೌಕದ ಮೂಲೆಯಿಂದ ನಾಲ್ಕರ ಚೌಕ ತೆಗೆದಾಗ ಎದುರು ಮೂಲೆಯಲ್ಲಿ ಆರರ ಚೌಕ ಉಳಿಯುವುದು ನಿಜ. ಆದರೆ ಅದರ ಜೊತೆಗೆ ಆರು ಉದ್ದ, ನಾಲ್ಕು ಅಗಲದ ಎರಡು ಪಟ್ಟಿಗಳೂ ಉಳಿದಿರುತ್ತವೆ, 24 ಒಂದರದು, 24 ಇನ್ನೊಂದರದು. ತಪ್ಪು ಬರೆದವರು ಮರೆತದ್ದು ಆ ಎರಡು ಪಟ್ಟಿಗಳನ್ನು. ಹೊಲದ ಲೆಕ್ಕದಲ್ಲಾದರೆ ಯಾರೂ ಅಷ್ಟು ನೆಲ ಬಿಟ್ಟುಕೊಡುವುದಿಲ್ಲ.

ಈ ಸೀಮೆಯಲ್ಲಿ ನೆಲ ಅಳೆಯುವುದು ಎಕರೆ, ಗುಂಟೆಗಳಲ್ಲಿ. ಗುಂಟೆ ಎಂದರೆ ತಾನೇ ಒಂದು ಚೌಕ: 33 ಅಡಿ ಉದ್ದ, 33 ಅಡಿ ಅಗಲ, 1089 ಚದರಡಿ. ಅಂಥ ನಲವತ್ತು ಸೇರಿದರೆ ಒಂದು ಎಕರೆ, 43560 ಚದರಡಿ. ಈಗ ಗುಂಟೆಯ ಸುತ್ತ ಒಂದು ಹಗ್ಗ ಕಟ್ಟಿ. ಹಗ್ಗದ ಉದ್ದ 132 ಅಡಿ. ಅದೇ ಹಗ್ಗವನ್ನು ಜಗ್ಗಿ ಉದ್ದ 36, ಅಗಲ 30 ಮಾಡಿದರೆ ಒಳಗಿನ ನೆಲ 1080. ಒಂಬತ್ತು ಚದರಡಿ ಹೋಯಿತು, ಅಂದರೆ 3ರ ವರ್ಗ. ಉದ್ದ 40, ಅಗಲ 26 ಮಾಡಿದರೆ 1040. ಹೋದದ್ದು 49, ಅಂದರೆ 7ರ ವರ್ಗ. ಉದ್ದ 50, ಅಗಲ 16 ಆದರೆ 800 ಮಾತ್ರ, 17ರ ವರ್ಗವಾದ 289 ಕಳೆದುಹೋಗಿದೆ. ಸವಣೂರು ಎಲೆಗೆ ಹೆಸರಾದ ಊರು. ಎಲೆಬಳ್ಳಿಯ ತೋಟಕ್ಕೆ ಬೇಲಿ ಹಾಕುವವರಿಗೆ ಇದು ಕೆಲಸಕ್ಕೆ ಬರುವ ಮಾತು: ಇಷ್ಟೇ ಬೇಲಿ ಇದೆ ಎಂದಾಗ ಚೌಕದಿಂದ ತುಸು ಸರಿದರೆ ನಷ್ಟ ತುಸುವೇ, ಸರಿದದ್ದು ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಊರೂರಲ್ಲಿ ಮಾರಾಟವಾಗುವ ಮೂವತ್ತು–ನಲವತ್ತರ ಸೈಟನ್ನೂ ಹೀಗೇ ನೋಡಬಹುದು. 30ಕ್ಕೂ 40ಕ್ಕೂ ನಡುವೆ 35, ಎರಡೂ ಕಡೆಗೆ ಐದೈದು. 35ರ ವರ್ಗ 1225, ಅದರಲ್ಲಿ 25 ಕಳೆದರೆ 1200.

ಹೀಗೆ ನಡು ಹಿಡಿದು ನೋಡುವುದು ಕೂಡ ಅಭ್ಯಾಸವೇ. ಪುಸ್ತಕದ ಲೆಕ್ಕಗಳನ್ನು ಒಂದಾದಮೇಲೊಂದು ಬಿಡಿಸುವಾಗ ಮಕ್ಕಳಿಗೆ ಬೇಸರ ಬರುವುದು ಸಹಜ. ಆದರೆ ಲೆಕ್ಕಗಳನ್ನು ಸರಿಯಾಗಿ ಆರಿಸಿ ಕೊಟ್ಟರೆ ಒಂದೊಂದರಲ್ಲೂ ಚೌಕ ಬೇರೆ ಬೇರೆ ಕಡೆ ಅಡಗಿ ಕೂತಿರುತ್ತದೆ. ಎಕ್ಸ್² − 49 ಎಂದಾಗ 49 ಏಳರ ವರ್ಗ ಎಂದು ಕಂಡರೆ ಸಾಕು. 4ಎಕ್ಸ್² − 9ವೈ² ಎಂದಾಗ ಅದು 2ಎಕ್ಸ್‌ನ ವರ್ಗ, 3ವೈನ ವರ್ಗ ಎಂದು ಓದಿಕೊಳ್ಳಬೇಕು. 3ಎಕ್ಸ್² − 27 ನೋಡಿ “ಇದ್ರಾಗ ವರ್ಗ ಇಲ್ರಿ ಸರ್” ಎನ್ನುತ್ತಾರೆ. ಎರಡೂ ಪದಗಳಲ್ಲಿರುವ 3 ಹೊರಗೆ ತೆಗೆದರೆ ಒಳಗೆ ಎಕ್ಸ್² − 9 ಕೂತಿದೆ. ಎಕ್ಸ್⁴ − 16ರಲ್ಲಿ ಒಂದು ಸಲ ಬಿಡಿಸಿದರೆ (ಎಕ್ಸ್² + 4)(ಎಕ್ಸ್² − 4) ಬರುತ್ತದೆ, ಬಹಳ ಜನ ಅಲ್ಲಿಗೇ ನಿಲ್ಲುತ್ತಾರೆ. ಎರಡನೆಯ ಕಂಸದೊಳಗೆ ಮತ್ತೊಂದು ವರ್ಗಗಳ ವ್ಯತ್ಯಾಸ ಇದೆ, ಅದನ್ನೂ ಬಿಡಿಸಿ (ಎಕ್ಸ್ + 2)(ಎಕ್ಸ್ − 2) ಎಂದು ಬರೆಯಬೇಕು.

ಹಾಗಾದರೆ ಎಕ್ಸ್² + 4 ಯಾಕೆ ಬಿಡುವುದಿಲ್ಲ? “ಕೂಡಿಸೂ ಚಿಹ್ನೆ ಇದ್ರ ಆಗೂದಿಲ್ಲ” ಎಂದು ನಿಯಮ ಹೇಳಿ ಮುಂದೆ ಹೋಗುವುದು ನನಗೆ ಸರಿಬರುವುದಿಲ್ಲ. ಒಂದು ಚಣ ನಿಂತು ನೋಡಿದರೆ ಕಾರಣ ಮಕ್ಕಳ ಕೈಗೇ ಸಿಗುತ್ತದೆ. ಅದು (ಎಕ್ಸ್ + ಪಿ)(ಎಕ್ಸ್ + ಕ್ಯೂ) ಎಂದು ಒಡೆದಿದ್ದರೆ, ಎಕ್ಸ್ ಜಾಗದಲ್ಲಿ −ಪಿ ಹಾಕಿದಾಗ ಮೊದಲ ಕಂಸ ಸೊನ್ನೆ, ಇಡೀ ಗುಣಲಬ್ಧವೂ ಸೊನ್ನೆ ಆಗಬೇಕಿತ್ತು. ಆದರೆ ಯಾವ ಸಂಖ್ಯೆಯ ವರ್ಗವೂ ಋಣವಲ್ಲ. ಅದಕ್ಕೆ 4 ಸೇರಿದ ಮೇಲೆ ನಾಲ್ಕಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಸೊನ್ನೆ ಎಲ್ಲಿಂದ ಬರಬೇಕು?

ಈ ಸಮೀಕರಣಕ್ಕೂ ನಮ್ಮ ಸೀಮೆಗೂ ಹಳೆಯ ನಂಟಿದೆ. ಶಿಗ್ಗಾಂವಿ ತಾಲೂಕಿನ ಬಂಕಾಪುರ ಹೆದ್ದಾರಿಯ ಮಗ್ಗುಲಿಗೇ ಇದೆ. ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೇಯನಿಂದ ಆ ಊರಿಗೆ ಆ ಹೆಸರು ಬಂತು. ಬನವಾಸಿ ಸೀಮೆಯ ಆಡಳಿತ ಅವನ ಕೈಯಲ್ಲಿತ್ತು. ಆಮೇಲೆ ಅವನ ಮಗ ಲೋಕಾದಿತ್ಯ ಬಂಕಾಪುರದಿಂದಲೇ ಆಳಿದ. ಗುಣಭದ್ರನ ಉತ್ತರಪುರಾಣಕ್ಕೆ ಅಲ್ಲಿ ಪೂಜೆ ಸಂದದ್ದು ಶಕ 820ರಲ್ಲಿ, ಅಂದರೆ ಕ್ರಿ.ಶ. 898ರ ಹೊತ್ತಿಗೆ. ಅದೇ ಅಮೋಘವರ್ಷ 814ರಿಂದ 878ರವರೆಗೆ ಮಾನ್ಯಖೇಟದಲ್ಲಿ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ರಾಜ್ಯವಾಳಿದವನು. ಸುಮಾರು 850ರಲ್ಲಿ ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ ಈ ದೊರೆಯನ್ನು ಹೊಗಳಿಯೇ ಶುರುವಾಗುತ್ತದೆ. ಅಡುಗೆಯಿಂದ ಹಿಡಿದು ವೈದ್ಯ, ವಾಸ್ತು, ಸಂಗೀತದವರೆಗೆ ಗಣಿತ ಬೇಕಾಗದ ಕೆಲಸವೇ ಇಲ್ಲ ಎಂದು ಮೊದಲಿಗೇ ಹೇಳುವ ಗ್ರಂಥ ಅದು. ರಂಗಾಚಾರ್ಯರು ಸಂಪಾದಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದ್ರಾಸಿನಿಂದ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂತು. ಈ ಪುಸ್ತಕ ಪ್ರತಿ ಹೈಸ್ಕೂಲಿನ ಕಪಾಟಿನಲ್ಲಿ ಇರಬೇಕೆಂಬುದು ನನ್ನ ಆಸೆ.

ವರ್ಗ ಮಾಡುವುದು ಹೇಗೆ ಎಂದು ಹೇಳುವಾಗ ಮಹಾವೀರಾಚಾರ್ಯ ಒಂದಕ್ಕಿಂತ ಹೆಚ್ಚು ದಾರಿ ಕೊಡುತ್ತಾನೆ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸುವುದು ಒಂದು. ಇಷ್ಟಬಂದ ಸಂಖ್ಯೆಯೊಂದನ್ನು ಅದಕ್ಕೆ ಕೂಡಿಸಿ, ಅದರಿಂದ ಕಳೆದು, ಬಂದ ಎರಡನ್ನೂ ಗುಣಿಸಿ, ಇಷ್ಟಸಂಖ್ಯೆಯ ವರ್ಗ ಸೇರಿಸುವುದು ಇನ್ನೊಂದು. 97ರ ವರ್ಗ ಬೇಕೆ? ಇಷ್ಟ 3 ಎನ್ನಿ. 97ಕ್ಕೆ 3 ಕೂಡಿಸಿದರೆ 100, ಕಳೆದರೆ 94. ಗುಣಿಸಿದರೆ 9400, ಮೂರರ ವರ್ಗ 9 ಸೇರಿಸಿದರೆ 9409. 47ಕ್ಕಾದರೆ 50 ಮತ್ತು 44ರ ಗುಣಲಬ್ಧ 2200, ಮೇಲೆ 9. ಎ² = (ಎ + ಬಿ)(ಎ − ಬಿ) + ಬಿ² ಎಂಬುದು ನಮ್ಮ ಸೂತ್ರವೇ; ಬಿ² ಮಾತ್ರ ಆಚೆ ಬದಿಗೆ ಬಂದಿದೆ. ಬ್ರಹ್ಮಗುಪ್ತ 628ರಲ್ಲೇ ಇದನ್ನು ಹೇಳಿದ್ದ, 1150ರ ಸುಮಾರಿಗೆ ಭಾಸ್ಕರಾಚಾರ್ಯ ಲೀಲಾವತಿಯಲ್ಲಿ ಮತ್ತೆ ಹೇಳಿದ. ಮಹಾವೀರನ ಇನ್ನೊಂದು ದಾರಿ ನನಗೆ ಇನ್ನೂ ಇಷ್ಟ: ಒಂದರಿಂದ ಶುರುಮಾಡಿ ಬೆಸಸಂಖ್ಯೆಗಳನ್ನು ಕೂಡಿಸುತ್ತ ಹೋಗುವುದು. 1, 3, 5, 7 ಕೂಡಿಸಿದರೆ 16, ನಾಲ್ಕರ ವರ್ಗ. ಒಂದು ಚೌಕದಿಂದ ಮುಂದಿನ ಚೌಕಕ್ಕೆ ಇರುವ ವ್ಯತ್ಯಾಸ ಪ್ರತಿ ಸಲವೂ ಒಂದು ಬೆಸಸಂಖ್ಯೆ. ಅಂದಮೇಲೆ ಯಾವ ಬೆಸಸಂಖ್ಯೆ ಹಿಡಿದರೂ ಅದು ಎರಡು ವರ್ಗಗಳ ವ್ಯತ್ಯಾಸವೇ.

ಇವರಿಗಿಂತಲೂ ಬಹಳ ಹಿಂದೆ, ಯಜ್ಞವೇದಿ ಅಳೆಯುವವರ ಶುಲ್ಬಸೂತ್ರಗಳಲ್ಲಿ, ಬೌಧಾಯನ ನಮ್ಮ ಹೊಲದ ಲೆಕ್ಕವನ್ನೇ ತಿರುವಿ ಮಾಡುತ್ತಾನೆ. ಅವನಿಗೆ ಆಯತ ಕೊಟ್ಟಿದೆ, ಅಷ್ಟೇ ವಿಸ್ತೀರ್ಣದ ಚೌಕ ಬೇಕು. ನಮ್ಮ 70ಕ್ಕೆ 50ರ ಆಯತವನ್ನೇ ಇಡೋಣ. ಅದರಲ್ಲಿ 50ರ ಚೌಕ ಬಿಟ್ಟು ಉಳಿದದ್ದನ್ನು ಅರ್ಧರ್ಧ ಮಾಡಿದರೆ ಹತ್ತತ್ತರ ಎರಡು ಪಟ್ಟಿ. ಒಂದನ್ನು ಅಲ್ಲೇ ಇಟ್ಟು ಇನ್ನೊಂದನ್ನು ಪಕ್ಕದ ಬದಿಗೆ ಸೇರಿಸಿದರೆ 60ರ ಚೌಕವಾಗುತ್ತದೆ, ಒಂದು ಮೂಲೆಯಲ್ಲಿ ಮಾತ್ರ 10ರ ಚೌಕದಷ್ಟು ಖಾಲಿ. ಹಿರೇಕೆರೂರಿನ ಹೊಲ, ಮೂಲೆಯಲ್ಲಿ ಹೊಂಡ! ಆ ಖಾಲಿಯನ್ನು ಕಳೆದು ಒಂದೇ ಚೌಕ ಮಾಡುವುದನ್ನು ಅವನು ಹಗ್ಗ ಎಳೆದು ತೋರಿಸುತ್ತಾನೆ.

ಬಂಕಾಪುರಕ್ಕೇ ಬರೋಣ. ಅಲ್ಲಿಯ ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಜನ ಕರೆಯುವುದು ಅರವತ್ತು ಕಂಬದ ಗುಡಿ ಎಂದು. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಆ ಹೆಸರಿನಿಂದಲೇ ಒಂದು ಲೆಕ್ಕ ಹುಟ್ಟಿತು. 60ನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಬಹುದೇ? ಇಲ್ಲಿಯವರೆಗೆ ವರ್ಗಗಳಿಂದ ಗುಣಲಬ್ಧಕ್ಕೆ ಬರುತ್ತಿದ್ದೆವು, ಈಗ ಗುಣಲಬ್ಧದಿಂದ ವರ್ಗಗಳಿಗೆ ಹೋಗಬೇಕು. 60 ಎಂದರೆ 10 ಗುಣಿಸು 6. ಎರಡರ ನಡು 8, ನಡುವಿನಿಂದ ದೂರ 2. ಆದ್ದರಿಂದ 8² − 2², ಅಂದರೆ 64ರಲ್ಲಿ 4 ಕಳೆದರೆ 60. ಎಂಟು ಸಾಲಿನ ಚೌಕದ ಮಂಟಪ ಕಟ್ಟಿ, ನಡುವಿನ ನಾಲ್ಕು ಕಂಬ ಬಿಟ್ಟ ಹಾಗೆ. 30 ಗುಣಿಸು 2 ಹಿಡಿದರೆ ನಡು 16, ದೂರ 14: ಹದಿನಾರರ ವರ್ಗ 256, ಹದಿನಾಲ್ಕರ ವರ್ಗ 196, ವ್ಯತ್ಯಾಸ ಮತ್ತೆ 60. 15 ಗುಣಿಸು 4 ಹಿಡಿದ ಹುಡುಗನಿಗೆ ಮಾತ್ರ ನಡು ಒಂಬತ್ತೂವರೆ ಬಂತು. ಅರ್ಧ ಕಂಬ ನಿಲ್ಲಿಸೋಕೆ ಬರುವುದಿಲ್ಲವಲ್ಲ.

ಯಾಕೆ ಹಾಗಾಯಿತು ಎಂಬುದರಲ್ಲೇ ಒಂದು ಚಂದದ ಸಂಗತಿ ಇದೆ. ಎ + ಬಿ ಮತ್ತು ಎ − ಬಿ ನಡುವಿನ ಅಂತರ 2ಬಿ, ಅದು ಸಮಸಂಖ್ಯೆ. ಹೀಗಾಗಿ ಅವೆರಡೂ ಒಟ್ಟಿಗೇ ಸಮ ಇಲ್ಲವೇ ಒಟ್ಟಿಗೇ ಬೆಸ. ಎರಡೂ ಬೆಸವಾದರೆ ಗುಣಲಬ್ಧ ಬೆಸ. ಎರಡೂ ಸಮವಾದರೆ ಗುಣಲಬ್ಧ ನಾಲ್ಕರಿಂದ ಭಾಗವಾಗಲೇಬೇಕು. ಅಂದರೆ ನಾಲ್ಕರಿಂದ ಭಾಗಿಸಿದಾಗ 2 ಉಳಿಯುವ ಸಂಖ್ಯೆಗಳು, 2, 6, 10, 14, ಎಷ್ಟು ಗುದ್ದಾಡಿದರೂ ಎರಡು ಪೂರ್ಣವರ್ಗಗಳ ವ್ಯತ್ಯಾಸ ಆಗುವುದಿಲ್ಲ. ಉತ್ತರಪುರಾಣದ 898ನ್ನೂ ಒಬ್ಬಳು ಪರೀಕ್ಷೆ ಮಾಡಿ “ಬರೂದಿಲ್ರಿ ಸರ್, ಎರಡ ಉಳೀತೈತಿ” ಎಂದು ಹೇಳಿದಳು. ಪಟ್ಟಿ ಮಾಡುತ್ತ ಕೂರದೆ, ಒಂದೇ ಭಾಗಾಕಾರದಿಂದ ‘ಇದು ಎಂದಿಗೂ ಆಗದು’ ಎಂದು ಖಚಿತವಾಗಿ ಹೇಳುವ ಶಕ್ತಿ ಹದಿಮೂರು ವರ್ಷದ ಹುಡುಗಿಗೆ ಬಂದದ್ದನ್ನು ನೋಡಿ ನನಗೆ ಬಹಳ ಸಂತೋಷವಾಯಿತು.

ಈ ತಿರುಗಿ ಹೋಗುವ ದಾರಿಯನ್ನು ಸಂಖ್ಯೆ ಒಡೆಯಲು ಬಳಸಿದವನು ಫ್ರಾನ್ಸಿನ ಪಿಯೆರ್ ದ ಫರ್ಮಾ. 1643ರ ಸುಮಾರಿಗೆ ಅವನು 2027651281 ಎಂಬ ಹತ್ತಂಕಿಯ ಸಂಖ್ಯೆ ಹಿಡಿದು ಅದರ ಅಪವರ್ತನ ಕಂಡುಹಿಡಿದ. ಸಣ್ಣ ಸಂಖ್ಯೆಗಳಿಂದ ಭಾಗಿಸುತ್ತ ಹೊರಟಿದ್ದರೆ ಸಾವಿರಾರು ಭಾಗಾಕಾರ. ಅವನು ಆ ಸಂಖ್ಯೆಗಿಂತ ಸ್ವಲ್ಪವೇ ದೊಡ್ಡದಾದ ವರ್ಗದಿಂದ ಶುರುಮಾಡಿದ. 45030ರ ವರ್ಗದಲ್ಲಿ ಇದನ್ನು ಕಳೆದರೆ ಉಳಿಯುವುದು ವರ್ಗವೇ? ಅಲ್ಲ. 45031? ಅಲ್ಲ. ಹೀಗೆ ಹನ್ನೆರಡನೆಯದಾದ 45041ಕ್ಕೆ ಬಂದಾಗ ಉಳಿದದ್ದು 1020ರ ವರ್ಗ. ಕೂಡಿಸಿದರೆ 46061, ಕಳೆದರೆ 44021. ಆ ದೊಡ್ಡ ಸಂಖ್ಯೆ ಈ ಎರಡರ ಗುಣಲಬ್ಧ.

ಅಮೆರಿಕದ ಗಣಿತಜ್ಞ ಕಾರ್ಲ್ ಪೊಮೆರಾನ್ಸ್ ಹೈಸ್ಕೂಲಿನಲ್ಲಿದ್ದಾಗ ಒಂದು ಸ್ಪರ್ಧೆಯಲ್ಲಿ 8051ನ್ನು ಅಪವರ್ತಿಸಲು ಕೇಳಿದ್ದರಂತೆ. ಸುಲಭದ ದಾರಿ ಇರಲೇಬೇಕೆಂದು ಹುಡುಕುತ್ತ ಕೂತ ಹುಡುಗನಿಗೆ ಹೊತ್ತು ಮುಗಿಯುವವರೆಗೂ ಅದು ಸಿಗಲಿಲ್ಲ. ಮುಂದೆ ಅವರೇ ಇದನ್ನು ಬರೆದುಕೊಂಡಿದ್ದಾರೆ. ದಾರಿ ಇತ್ತು: 8100ರಲ್ಲಿ 49 ಕಳೆದರೆ 8051, ಅಂದರೆ 90² − 7², ಅಂದರೆ 97 ಗುಣಿಸು 83. ಅದೇ ಹುಡುಗ ದೊಡ್ಡವನಾಗಿ 1981ರಲ್ಲಿ ರೂಪಿಸಿದ ‘ಕ್ವಾಡ್ರಾಟಿಕ್ ಸೀವ್’ ಎಂಬ ವಿಧಾನದ ಬುಡದಲ್ಲಿರುವುದು ಎರಡು ವರ್ಗಗಳ ವ್ಯತ್ಯಾಸ. ಗುಟ್ಟಿನ ಸಂದೇಶಗಳಿಗಾಗಿ 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಕಟ್ಟಿದ ಆರ್‌ಎಸ್‌ಎ ಬೀಗ ನಿಂತಿರುವುದು ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವನ್ನು ಒಡೆಯುವುದು ಬಹಳ ಕಷ್ಟ ಎಂಬ ನಂಬಿಕೆಯ ಮೇಲೆ. ಅವರು ಸವಾಲಾಗಿ ಇಟ್ಟಿದ್ದ 129 ಅಂಕಿಗಳ ಸಂಖ್ಯೆಯನ್ನು 1994ರಲ್ಲಿ ಒಡೆದದ್ದು ಪೊಮೆರಾನ್ಸ್ ವಿಧಾನದಿಂದಲೇ. ಆ ಎರಡು ಅವಿಭಾಜ್ಯಗಳು ಒಂದಕ್ಕೊಂದು ತೀರ ಹತ್ತಿರ ಇರಬಾರದು ಎಂದು ಇವತ್ತಿಗೂ ಎಚ್ಚರ ವಹಿಸುತ್ತಾರೆ. ಹತ್ತಿರ ಇದ್ದರೆ ನಡು ಸುಲಭವಾಗಿ ಸಿಗುತ್ತದೆ, ಫರ್ಮಾನ ಹಳೆಯ ದಾರಿಯೇ ಬೀಗ ತೆಗೆದುಬಿಡುತ್ತದೆ.

ಹಾನಗಲ್ಲಿನ ಕಡೆ ಒಂದು ಶಾಲೆಯಲ್ಲಿ ಇದನ್ನೆಲ್ಲ ಹೇಳಿ, 8051ನ್ನು ಬೋರ್ಡಿನ ಮೇಲೆ ಒಡೆದು ತೋರಿಸಿ, ನಿಮಗೆ ಬೇಕಾದ ಸಂಖ್ಯೆ ತನ್ನಿ ಎಂದು ಬಿಟ್ಟಿದ್ದೆ. ಬಸ್ಸಿನ ನಂಬರು, ಮನೆಯ ನಂಬರು, ಅಪ್ಪನ ಮೊಬೈಲಿನ ಕೊನೆಯ ನಾಲ್ಕಂಕಿ, ಎಲ್ಲವೂ ಬಂದವು. ಒಬ್ಬ ಹುಡುಗ ತಂದದ್ದು 1997, ಹಾವೇರಿ ಜಿಲ್ಲೆಯಾದ ವರ್ಷ. ಬೆಸಸಂಖ್ಯೆಯಾದ್ದರಿಂದ ಒಂದು ಉತ್ತರ ತಟ್ಟನೆ ಬಂತು: 999² − 998². “ಇನ್ನೊಂದು ಇರಬೇಕ್ರಿ ಸರ್, ಅರವತ್ತಕ್ಕ ಎರಡು ಇದ್ವಲ್ಲ” ಎಂದ. ಇರಬೇಕಾದರೆ 1997ಕ್ಕೆ ಬೇರೆ ಅಪವರ್ತನ ಇರಬೇಕು, 45ರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡು ಎಂದೆ. ಗಂಟೆ ಹೊಡೆಯಿತು, ಎಲ್ಲರೂ ಊಟಕ್ಕೆ ಹೋದರು. ಅವನು ನೋಟ್‌ಬುಕ್ಕಿನ ಹಿಂಬದಿಯಲ್ಲಿ 3, 7, 11, 13 ಎಂದು ಒಂದೊಂದಾಗಿ ಭಾಗಿಸುತ್ತ, ಶೇಷ ಬಂದದ್ದನ್ನು ಪಕ್ಕದಲ್ಲಿ ಬರೆಯುತ್ತ ಅಲ್ಲೇ ಕೂತಿದ್ದ. ಕೊನೆಯದು 43. ಅದರಿಂದ ಭಾಗಿಸಿದಾಗ ಉಳಿದದ್ದು 19. ಅದಕ್ಕೊಂದು ಸುತ್ತು ಹಾಕಿ, ಕೆಳಗೆ “ಒಂದ ದಾರಿ” ಎಂದು ಬರೆದು, ಬುತ್ತಿ ಬಿಚ್ಚಿದ.